ಹೆಣ ಸುತ್ತುವವರನ್ನು ಆರೈಕೆಗೆ ಹಚ್ಚಿದ ತಬೇಸ

ಪಿರಮಿಡ್ಡುಗಳಿಗೆ ಜನ ಇನ್ನೂ ಕಲ್ಲು ಎಳೆಯುತ್ತಿದ್ದ ಕಾಲ. ನೈಲ್ ನದಿಯ ದಂಡೆಯ ಒಂದೂರಿನಲ್ಲಿ ತಬೇಸ ಅಂತ ಒಬ್ಬಳಿದ್ದಳಂತೆ. ವೈದ್ಯೆಯಲ್ಲ, ಮಂತ್ರ ಬಲ್ಲವಳೂ ಅಲ್ಲ. ಯಾರೇ ಹಾಸಿಗೆ ಹಿಡಿದರೂ ಹೋಗಿ ಮೈ ಒರೆಸುವುದು, ಗಂಜಿ ಕುಡಿಸುವುದು, ಬಯ್ಯುವುದು, ಇಷ್ಟೇ ಅವಳ ಕೆಲಸ. ಬಯ್ಗುಳಕ್ಕೇ ಅರ್ಧ ರೋಗ ಓಡುತ್ತಿತ್ತಂತೆ.

ಒಂದು ದಿನ ಕಲ್ಲುಕುಟಿಗ ಪಶೇದುವಿನ ತೊಡೆಯ ಮೇಲೆ ಬಂಡೆ ಉರುಳಿತು. ಗಾಯ ಕೀವಾಯಿತು, ಜ್ವರ ಏರಿತು. ಅಲ್ಲಿನ ವೈದ್ಯರದು ಒಂದು ಪದ್ಧತಿ: ರೋಗಿಯನ್ನು ನೋಡಿ ಮೂರರಲ್ಲಿ ಒಂದು ಮಾತು ಹೇಳಬೇಕು. ವಾಸಿ ಮಾಡುತ್ತೇನೆ, ಹೋರಾಡಿ ನೋಡುತ್ತೇನೆ, ಇಲ್ಲವೇ ಇದಕ್ಕೆ ಮದ್ದಿಲ್ಲ. ಬಂದ ವೈದ್ಯ ಮೂರನೆಯದನ್ನು ಹೇಳಿ ಊಟಕ್ಕೆ ಹೋದನಂತೆ.

ಸುದ್ದಿ ತಿಳಿದು, ಹೆಣಕ್ಕೆ ನಾರುಬಟ್ಟೆ ಸುತ್ತುವ ಅಣ್ಣತಮ್ಮಂದಿರಿಬ್ಬರು ಬಟ್ಟೆಯ ಸುರುಳಿ ಸಮೇತ ಬಂದು ಹೊಸ್ತಿಲಲ್ಲಿ ಕೂತರು. ಪಶೇದುವಿನ ಹೆಂಡತಿ ಅವರನ್ನು ಕಂಡು ಎದೆ ಬಡಿದುಕೊಂಡಳು. ತಬೇಸ ಮಾತ್ರ ಒಂದು ಸುರುಳಿ ಎತ್ತಿಕೊಂಡು ಹೇಳಿದಳಂತೆ: "ಹೇಗೂ ಸುತ್ತೋದೇ ತಾನೇ ಅಣ್ಣಾ? ಕಾಲಿಂದ ಶುರು ಮಾಡೋಣ ಬನ್ನಿ."

ಗಾಯ ತೊಳೆದು ಜೇನುತುಪ್ಪ ಬಳಿದಳು. ಕೊಳೆಯಾದ ಪಟ್ಟಿ ಒಗೆಯಲು ತಮ್ಮನನ್ನು ನದಿಗೆ ಅಟ್ಟಿದಳು. ಹೊಸ ಪಟ್ಟಿ ಕಟ್ಟಲು ಅಣ್ಣನನ್ನು ಕೂರಿಸಿದಳು. ಸುತ್ತುವುದರಲ್ಲಿ ಅಂಥ ಕೈ ನಾಡಲ್ಲೇ ಇರಲಿಲ್ಲವಂತೆ. ಆದರೆ ಅಷ್ಟು ವರ್ಷದಲ್ಲಿ ಅವನು ಸುತ್ತಿದವರು ಯಾರೂ ಬಾಯಿ ಬಿಟ್ಟಿರಲಿಲ್ಲ ನೋಡಿ. ಪಶೇದು "ಅಯ್ಯೋ, ಬಿಗಿಯಾಯ್ತು, ಸಡಿಲಿಸೋ!" ಅಂದದ್ದೇ ತಡ, ಅಣ್ಣ ಓಡಿಹೋಗಿ ಖರ್ಜೂರದ ಮರ ಹತ್ತಿಬಿಟ್ಟನಂತೆ. ತಬೇಸ ಬುಡದಲ್ಲಿ ನಿಂತು, "ಇಳಿಯಪ್ಪಾ, ಬದುಕಿರೋರು ಹಾಗೇ, ಗಲಾಟೆ ಜಾಸ್ತಿ" ಅಂತ ಸಮಾಧಾನ ಮಾಡಿದಳಂತೆ.

ಒಂಬತ್ತು ದಿನ ಹೀಗೇ ನಡೆಯಿತು. ನಲವತ್ತು ದಿನ ಅನ್ನುವವರೂ ಇದ್ದಾರೆ. ಅವರು ಮರವನ್ನೂ ಎತ್ತರ ಮಾಡಿ ಹೇಳುತ್ತಾರೆ. ಹತ್ತನೆಯ ದಿನ ಬೆಳಿಗ್ಗೆ ಜ್ವರ ಬಿಟ್ಟಿತು. ವೈದ್ಯ ಓಡಿಬಂದು, ತಾನು ಹೇಳಿದ್ದು ಎರಡನೆಯ ಮಾತು ಅಂತ ವಾದಿಸಿದನಂತೆ. ಅಣ್ಣತಮ್ಮಂದಿರಿಗೆ ಅದು ಕೇಳಿಸಲೇ ಇಲ್ಲ. ಪಶೇದು ಎದ್ದು ಕೂತದ್ದನ್ನು ನೋಡುತ್ತಾ ಇಬ್ಬರೂ ಗೊಳೋ ಅಂತ ಅಳುತ್ತಿದ್ದರಂತೆ. ಅವರು ಬಟ್ಟೆ ಸುತ್ತಿದವರಲ್ಲಿ ಎದ್ದು ಕೂತವನು ಅವನೊಬ್ಬನೇ.

ಇವತ್ತಿಗೂ ಆ ಊರಲ್ಲಿ ರೋಗಿಯ ಮನೆ ಬಾಗಿಲಲ್ಲಿ ಯಾರನ್ನೂ ಸುಮ್ಮನೆ ಕೂರಲು ಬಿಡುವುದಿಲ್ಲವಂತೆ. ನೆಂಟನಾಗಲಿ, ವೈದ್ಯನಾಗಲಿ, ಕೂತರೆ ಕೈಗೊಂದು ಬಟ್ಟೆ ಕೊಟ್ಟು ಒಗೆದುಕೊಂಡು ಬಾ ಅನ್ನುತ್ತಾರೆ.