ಅಜ್ಜನವರು ಗುಂಡಿಗೆ ಕೈ ಹಾಕಿದ್ದು

ಮುದ್ದನಕೊಪ್ಪದ ಮಠಕ್ಕೆ ಹೊಸಬರು ಬಂದು ‘ಸ್ವಾಮಿಗಳು ಎಲ್ಲಿದ್ದಾರೆ?’ ಎಂದು ಕೇಳಿದರೆ ಊರವರು ಗದ್ದುಗೆಯತ್ತ ಅಲ್ಲ, ಹಿತ್ತಲಿನತ್ತ ಕೈ ತೋರಿಸುತ್ತಿದ್ದರು. ಪೂಜ್ಯ ಶ್ರೀ ಸಂಗನಾಥ ಅಜ್ಜನವರು ಬಹುಪಾಲು ಅಲ್ಲಿಯೇ ಇರುತ್ತಿದ್ದರು. ಕಾವಿಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ, ದಾಸೋಹದಲ್ಲಿ ಉಂಡೆದ್ದವರ ಎಲೆಗಳನ್ನು ತಾವೇ ಬುಟ್ಟಿಗೆ ತುಂಬಿ ಹೊತ್ತು ತಂದು ಗುಂಡಿಗೆ ಸುರಿಯುತ್ತಿದ್ದರು. ಪೂಜೆಯ ಬಾಡಿದ ಪತ್ರೆ, ಕಾಯಿಪಲ್ಲೆಯ ಸಿಪ್ಪೆ, ಒಲೆಯ ಬೂದಿ, ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಆ ಗೊಬ್ಬರ ಉಂಡ ನೆಲದಲ್ಲಿ ಬೆಳೆದ ಪುಂಡಿಪಲ್ಲೆಯ ರುಚಿ ತಿಂದವರಿಗೇ ಗೊತ್ತು.

ನೇಕಾರ ಓಣಿಯ ಗುರುಸಿದ್ದವ್ವನಿಗೆ ಮಾತ್ರ ಇದು ಒಂಚೂರೂ ಹಿಡಿಸಿರಲಿಲ್ಲ. “ಎಂಜಲೆಲಿ ಹೊರೂ ಸ್ವಾಮಿಗೆ ಏನ್ ಮಂತ್ರ ಬರತೈತಿ!” ಎಂದು ಮೂಗು ಮುರಿಯುತ್ತಿದ್ದಳು. ಬಾಯಿ ಜೋರು, ಒಳಗೆ ಪುಕ್ಕಲು ಜೀವ. ಅದಕ್ಕೆ ಕಾರಣವೂ ಇತ್ತೆನ್ನಿ. ಹನ್ನೆರಡು ವರ್ಷಗಳ ಹಿಂದೆ ಅವಳ ಹೊಸ್ತಿಲಲ್ಲಿ ಯಾರೋ ನೂಲು ಸುತ್ತಿದ ಲಿಂಬೆಹಣ್ಣು ಇಟ್ಟುಹೋಗಿದ್ದರು. ಅದನ್ನವಳು ಕಸಬರಿಗೆಯಿಂದ ತಳ್ಳಿ ನಕ್ಕಿದ್ದಳು. ಎಂಟು ದಿನ ತುಂಬುವುದರೊಳಗೆ ಗಂಡ ಮಗ್ಗದ ಮುಂದೆ ಕೂತಲ್ಲೇ ಕುಸಿದು ಪ್ರಾಣ ಬಿಟ್ಟ. ಅಂದು ನಕ್ಕದ್ದಕ್ಕೆ ಅವಳು ತನ್ನನ್ನು ತಾನು ಕ್ಷಮಿಸಿಕೊಂಡಿರಲೇ ಇಲ್ಲ.

ಈಗ ಮಗ ಮಲ್ಲೇಶಿ ಮೂರು ದಿನದಿಂದ ಜ್ವರ ಬಂದು ಮಲಗಿದ್ದ. ಮಾರ್ಗಶಿರದ ಚಳಿ. ನಸುಕಿನಲ್ಲಿ ನೀರು ಕಾಯಿಸಲು ಪುಳ್ಳೆ ತರಲೆಂದು ಗುರುಸಿದ್ದವ್ವ ಹಿತ್ತಲಿಗೆ ಹೋದಳು. ಹಿತ್ತಲೆಂದರೆ ಹೆಸರಿಗಷ್ಟೇ. ಸುಣ್ಣದಂಥ ಗಟ್ಟಿ ನೆಲ, ಅಲ್ಲಿ ನೆಟ್ಟ ತುಳಸಿ ಎರಡು ಸಲ ಒಣಗಿತ್ತು. ಗೋಡೆಯ ಮೂಲೆಯಲ್ಲಿ, ಪುಳ್ಳೆರಾಶಿಯ ಮರೆಯಲ್ಲಿ, ಅವಳು ಈವರೆಗೆ ಗಮನಿಸಿರದ, ಗೋಣಿಚೀಲ ಹೊದಿಸಿದ ಒಂದು ಗುಂಡಿಯಿಂದ ಹೊಗೆ ಏಳುತ್ತಿತ್ತು. ಬೆಂಕಿಯಿಲ್ಲ, ಕೆಂಡವಿಲ್ಲ, ಹೊಗೆ ಮಾತ್ರ!

ಗುರುಸಿದ್ದವ್ವ ಕೋಲಿನಿಂದ ಚೀಲ ಸರಿಸಿದಳು. ಒಳಗೆ ಹಿಂಡಿದ ಲಿಂಬೆಹೋಳು. ಕುಂಕುಮ ಹತ್ತಿದ ಹೂವು. ಬೂದಿ. ಬಾಚಣಿಗೆಯಿಂದ ತೆಗೆದ ಕೂದಲಿನ ಸುರುಳಿ. ಕರಿ ನೂಲು, ಕೆಂಪು ನೂಲು. ಅದೆಲ್ಲದರ ಮೇಲೆ ಜೇಡ ನೇಯ್ದಂತೆ ಬೆಳ್ಳನೆಯ ಎಳೆಗಳು. ಬೆರಳು ತಾಗಿಸಿದಳು, ಬಿಸಿ ಚುರ್ ಎಂದಿತು. “ಅಯ್ಯಯ್ಯೋ, ನನ್ನ ಮನಿ ಹಾಳಾತೋ!” ಎಂದು ಕಿರುಚಿದವಳಿಗೆ ಹಿಂದೆ ಬಂದು ನಿಂತ ಸೊಸೆ ಕಂಡಳು.

ಸೊಸೆ ದಾನವ್ವ ಐದು ತಿಂಗಳ ಬಸುರಿ. ಮದುವೆಯಾಗಿ ಬಂದು ವರ್ಷವಾದರೂ ಅತ್ತೆಯ ಎದುರು ಬಾಯಿ ಬಿಟ್ಟದ್ದು ಕಡಿಮೆ.

“ಇದನ್ನ ಇಲ್ಲಿ ಹುಗದಾರ‍್ಯಾರ?”

“ನಾನ ಅತ್ತಿ... ಗೊಬ್ಬರಕ್ಕ...”

“ದನಾ ಇಲ್ಲ, ಕರಾ ಇಲ್ಲ, ಗೊಬ್ಬರಂತ! ಲಿಂಬಿಹೋಳು ಕೂದಲಾ ಹಾಕಿ ಗೊಬ್ಬರ ಮಾಡ್ತಾರೇನ? ನನ್ನ ಮಗನ್ನ ತಿನ್ನಾಕ ಬಂದಿಯೇನ?”

ದಾನವ್ವ ಇನ್ನೇನೋ ಹೇಳಹೊರಟಳು. ಗುರುಸಿದ್ದವ್ವ ಎರಡೂ ಕಿವಿ ಮುಚ್ಚಿಕೊಂಡಳು. ಮಾಟ ಮಾಡಿದವರ ಮಾತು ಕಿವಿಗೆ ಬಿದ್ದರೂ ಕೆಡುಕೆಂದು ಅವಳ ನಂಬಿಕೆ. ಸೊಸೆಯ ಸೀರೆಗಳನ್ನು ಗಂಟು ಕಟ್ಟಿ ಬೀದಿಯ ಕಟ್ಟೆಗೆ ಎಸೆದು, “ನಿಮ್ಮಣ್ಣಗ ಹೇಳಿ ಕಳಸ್ತೀನಿ. ಅವ ಬರೂತನಕ ಹೊಸ್ತಿಲಾ ತುಳೀಬ್ಯಾಡ” ಎಂದಳು. ಒಳಗೆ ಮಲ್ಲೇಶಿ ಜ್ವರದ ಅಮಲಿನಲ್ಲಿ ಅಪ್ಪನನ್ನು ಕರೆಯುತ್ತಿದ್ದ. ಸತ್ತವರನ್ನು ಕರೆಯುತ್ತಾನಲ್ಲ ಎಂದು ತಾಯಿ ಇನ್ನಷ್ಟು ಹೆದರಿದಳು.

ಮಾಟ ತೆಗೆಯುವವರು ಇರುವುದು ಹದಿನಾರು ಮೈಲಿ ದೂರ. ಅಷ್ಟರಲ್ಲಿ ಮಗನಿಗೆ ಏನಾದರೂ ಆದರೆ? ಬೇರೆ ದಾರಿ ಕಾಣದೆ ಗುರುಸಿದ್ದವ್ವ ಮಠಕ್ಕೆ ಓಡಿದಳು. “ಯಪ್ಪಾ, ಹಿತ್ತಲದಾಗ ಮಾಟ ಹುಗದಾರ. ಕುದ್ಯಾಕತ್ತೈತಿ. ನನ್ನ ಮಗ ಉಳಿಯೂದಿಲ್ಲ” ಎಂದು ಅತ್ತಳು. ಅಜ್ಜನವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೈಯ ಬುಟ್ಟಿಯನ್ನು ಕೆಳಗಿಟ್ಟು ಬರಿಗಾಲಲ್ಲೇ ಅವಳ ಹಿಂದೆ ಹೊರಟರು. ಕಟ್ಟೆಯ ಮೇಲೆ ಮುದುಡಿ ಕೂತ ದಾನವ್ವನನ್ನು ಕಂಡು ಒಂದು ಕ್ಷಣ ನಿಂತರು. ಅವಳು ಸೆರಗನ್ನು ಬಾಯಿಗಿಟ್ಟು ತಲೆ ತಗ್ಗಿಸಿದಳು. ಅಜ್ಜನವರ ಮುಖ ಬಾಡಿತು.

ಗುಂಡಿಯ ಬಳಿ ಅವರು ವಿಭೂತಿ ಕೇಳಲಿಲ್ಲ, ಮಂತ್ರ ಹೇಳಲಿಲ್ಲ. ಮಂಡಿಯೂರಿ ಕುಳಿತು ಬಲಗೈಯನ್ನು ಮೊಣಕೈ ಮುಳುಗುವವರೆಗೆ ಒಳಗಿಳಿಸಿದರು. “ಬ್ಯಾಡ್ರಿ ಯಪ್ಪಾ! ಬ್ಯಾಡ್ರಿ!” ಗುರುಸಿದ್ದವ್ವ ಕಣ್ಣು ಮುಚ್ಚಿಕೊಂಡಳು. ಸ್ವಾಮಿಗಳು ಈಗ ರಕ್ತ ಕಾರುತ್ತಾರೆ, ಆ ಪಾಪವೂ ತನ್ನ ತಲೆಗೇ ಎಂದುಕೊಂಡಳು.

ಏನೂ ಆಗಲಿಲ್ಲ. ಕಣ್ಣು ತೆರೆದಾಗ ಅಜ್ಜನವರು ತಳದಿಂದ ತೆಗೆದ ಕಪ್ಪನೆಯ ಒಂದು ಹಿಡಿಯನ್ನು ಅವಳ ಮುಂದೆ ಚಾಚಿದ್ದರು. “ಮೂಸಿ ನೋಡವ್ವ.”

ಹಿಂಜರಿಯುತ್ತ ಬಾಗಿದಳು. ನಾತವಿರಲಿಲ್ಲ. ಮೊದಲ ಮಳೆ ಬಿದ್ದ ಹೊಲದ ವಾಸನೆ ಬಂತು. ಲಿಂಬೆಹೋಳಾಗಲಿ ಹೂವಾಗಲಿ ಅದರಲ್ಲಿ ಗುರುತು ಸಿಗುತ್ತಿರಲಿಲ್ಲ. ಒಂದು ಎರೆಹುಳು ಮಾತ್ರ ಅಜ್ಜನವರ ಬೆರಳ ಸಂದಿಯಿಂದ ಮೆಲ್ಲಗೆ ಇಣುಕಿತು.

“ತಳದ್ದು ಬೆಂದೈತಿ. ಮ್ಯಾಲಿಂದು ಇನ್ನೂ ಬೇಯಾಕತ್ತೈತಿ, ಅದಕ್ಕ ಬಿಸಿ, ಚಳಿಗೆ ಉಗಿ ಕಾಣತೈತಿ. ಬಿಳೀದು ಬೂಷ್ಟು, ಅದರ ಕೆಲಸ ಅದು ಮಾಡತೈತಿ. ನೂಲು ನಿಮ್ಮ ಮಗ್ಗದ್ದ ಕಸ ಅಲ್ಲೇನ?”

ಗುರುಸಿದ್ದವ್ವ ನೋಡಿದಳು. ಹೌದು, ತಾನೇ ದಿನವೂ ಗುಡಿಸಿ ಹಾಕುವ ತುಂಡುನೂಲು. ಕೂದಲೂ ತನ್ನದೇ, ಅರ್ಧ ನೆರೆತದ್ದು.

“ಮಳಿಗಾಲದಾಗ ಪಲ್ಲೆ ಬೀಜ ಕೇಳಾಕ ಮಠಕ್ಕ ಬಂದಿದ್ಲು ನಿನ್ನ ಸೊಸಿ. ಮೊದಲ ನೆಲಕ್ಕ ಉಣಸವ್ವ, ಆಮ್ಯಾಲ ಬೀಜ ಅಂದೆ. ಗುಂಡಿ ತಗ್ಯಾಕ ಹೇಳಿಕೊಟ್ಟಾವ ನಾನು.” ಅಜ್ಜನವರು ಎದ್ದು ನಿಂತರು. “ಇದು ಮಾಟ ಆದ್ರ ಮಾಟಗಾರ ನಾನು. ಹೊರಗ ಹಾಕೂದಿದ್ರ ನನ್ನ ಹಾಕು.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ಗುರುಸಿದ್ದವ್ವ ಅಲ್ಲೇ ಕುಸಿದು ಪಾದ ಹಿಡಿಯಹೋದಳು. ಅವರು ಹಿಂದೆ ಸರಿದು, “ನನ್ನ ಕಾಲಾಗ ಏನೈತಿ? ಹುಡುಗನ್ನ ದವಾಖಾನಿಗೆ ಒಯ್ಯಿ” ಎಂದಷ್ಟೇ ಹೇಳಿ ಹೊರಟುಹೋದರು. ಓಣಿಯ ಇಬ್ಬರು ಹುಡುಗರು ಮಲ್ಲೇಶಿಯನ್ನು ಆಗಲೇ ದವಾಖಾನೆಗೆ ಒಯ್ದರು; ಅಲ್ಲಿಯ ಔಷಧಕ್ಕೆ ಐದನೆಯ ದಿನ ಜ್ವರ ಇಳಿಯಿತು. ಅದನ್ನು ಪವಾಡವೆಂದು ಹೊಗಳಿದವರನ್ನು ಅಜ್ಜನವರು ಗದರಿದ್ದುಂಟು. ಪವಾಡ ನಡೆದದ್ದೇ ಆದರೆ ಆ ಮುಂಜಾನೆ ಕಟ್ಟೆಯ ಮೇಲೆ ನಡೆಯಿತು.

ಗುರುಸಿದ್ದವ್ವ ಹೊರಬಂದು ಸೊಸೆಯ ಕಡೆ ಕೈ ಚಾಚಿದಳು. ದಾನವ್ವ ಬೆಚ್ಚಿ ಗೋಡೆಗೆ ಒತ್ತಿಕೊಂಡಳು. ಒಂದು ಕೈ ತಲೆಗೆ ಅಡ್ಡ ಬಂತು, ಇನ್ನೊಂದು ಹೊಟ್ಟೆಗೆ. “ಬಡೀಬ್ಯಾಡ್ರಿ ಅತ್ತಿ, ಹೊಟ್ಟ್ಯಾಗ ಕೂಸೈತಿ” ಎಂದಳು.

ಆ ಮಾತು ಗುರುಸಿದ್ದವ್ವನ ಕರುಳನ್ನು ಕಿತ್ತಿತು. ಹನ್ನೆರಡು ವರ್ಷ ಯಾವ ಕಣ್ಣಿಗೆ, ಯಾವ ಕೈಗೆ ಹೆದರಿ ಬದುಕಿದ್ದಳೋ, ಈ ಹುಡುಗಿಯ ಪಾಲಿಗೆ ಅದೇ ತಾನಾಗಿದ್ದಳು. ಅವಳ ಕೈ ಗಾಳಿಯಲ್ಲೇ ನಿಂತಿತು. ಓಣಿಯವರೆಲ್ಲ ನೋಡುತ್ತಿದ್ದರು. ನೋಡಲಿ ಎಂದು ಅವಳು ಸೊಸೆಯ ಪಕ್ಕದಲ್ಲಿ, ಒಂದು ಮೊಳ ದೂರದಲ್ಲಿ, ತಣ್ಣನೆಯ ಕಲ್ಲಿನ ಮೇಲೆ ಕುಳಿತಳು.

“ತಪ್ಪಾತು ನನ್ನವ್ವ. ಒಳಗ ಬಾ ಅನ್ನಾಕ ನನಗ ಬಾಯಿಲ್ಲ. ನಿನ್ನ ಅಂಜಿಕಿ ಹೋಗೂತನಕ ನಾನೂ ಇಲ್ಲೇ ಕುಂದರ್ತೀನಿ.”

ಬಿಸಿಲು ಕಟ್ಟೆಗೆ ಬಂತು. ಬಹಳ ಹೊತ್ತಿನ ಮೇಲೆ ದಾನವ್ವ ಹೊಟ್ಟೆಯ ಮೇಲಿನ ಕೈಯನ್ನು ತೆಗೆದು ಅತ್ತೆಯ ಕೈಯ ಮೇಲೆ ಇಟ್ಟಳು.