ಅಂಬಿಗನ ಕೂಗು

“ಗುರುಗಳೇ, ವಿಮಾನ ಹತ್ತುವವರ ಹೆಸರು, ಹೋಗುವ ಜಾಗ, ಜೊತೆಗಿರುವವರು, ಎಲ್ಲವನ್ನೂ ಇಳಿಯುವ ದೇಶಕ್ಕೆ ಮೊದಲೇ ತಿಳಿಸುತ್ತಾರಂತೆ. ತಿಳಿಸಲಿ ಬಿಡಿ! ಕಳ್ಳನಲ್ಲದವನಿಗೆ ಏನು ಭಯ?” ಎಂದು ಶಿಷ್ಯ ಉತ್ಸಾಹದಿಂದ ಕೇಳಿದ.

ಗುರುಗಳು ಕತೆ ಹೇಳಿದರು.

ಒಂದು ಹೊಳೆ, ಅಲ್ಲೊಬ್ಬ ಅಂಬಿಗ. ಅವನ ದೋಣಿಯಲ್ಲೇ ದಾಟಿಹೋದ ದರೋಡೆಕೋರರು ಆಚೆ ದಡದ ಸಂತೆಯನ್ನು ದೋಚಿದರು, ಜನರನ್ನು ಕೊಂದರು. ಅಂದಿನಿಂದ ಒಂದು ಕಟ್ಟಳೆಯಾಯಿತು. ದೋಣಿ ಬಿಟ್ಟ ಕೂಡಲೇ ಅದರಲ್ಲಿ ಯಾರಿದ್ದಾರೆಂದು ಅಂಬಿಗ ಆಚೆ ದಡದ ಕಾವಲುಗಾರನಿಗೆ ಕೂಗಿ ಹೇಳಬೇಕು. ಅಂಬಿಗನದು ಕಂಚಿನ ಕಂಠ. “ಹಣಿ ಮ್ಯಾಲೆ ಗಾಯದ ಕಲೆ ಇದ್ದಾಂವ ಬರಾಕತ್ಯಾನೋ!” ಎಂದು ಒಂದು ದಿನ ಕೂಗಿದ. ದರೋಡೆಕೋರರ ನಾಯಕ! ನಡುಹೊಳೆಯಲ್ಲಿ ಎಲ್ಲಿಗೆ ಓಡಿಯಾನು? ದಡಕ್ಕೆ ಬರುತ್ತಲೇ ಸಿಕ್ಕಿಬಿದ್ದ. ಜನ ಅಂಬಿಗನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಆಮೇಲೆ ಅವನಿಗೆ ಹೆಸರಷ್ಟೇ ಸಾಲದಾಯಿತು. ಗಂಟಿನಲ್ಲಿ ಏನಿದೆ, ಯಾರ ಮನೆಗೆ ಪಯಣ, ಯಾವ ಕಾಯಿಲೆಗೆ ಮದ್ದು, ಎಲ್ಲವನ್ನೂ ಕೆದಕಿ ಕೇಳಿ ಕೂಗತೊಡಗಿದ. ಯಾರೂ ಬೇಡವೆನ್ನಲಿಲ್ಲ.

ಒಂದು ಸಂಜೆ ಒಬ್ಬ ಹೆಂಗಸು ಕೂಸನ್ನೆತ್ತಿಕೊಂಡು ಓಡಿಬಂದಳು. ತೋಳಿನ ತುಂಬ ಬಾಸುಂಡೆ. ಅಂಬಿಗ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು, ಕೈಮುಗಿದಳು.

“ಅಣ್ಣಾ, ನನ್ನ ಹೆಸರು ಮಾತ್ರ ಕೂಗಬ್ಯಾಡ. ಗಂಡ ಹುಡುಕ್ಯಾಡಾಕ ಹತ್ಯಾನ. ಸಿಕ್ಕರ ಕೊಂದೇ ಬಿಡ್ತಾನ.”

“ನೀ ಏನ್ ಕಳ್ಳಿ ಏನವ್ವಾ? ಮತ್ಯಾಕ ಅಂಜ್ತಿ?”

ದೋಣಿ ಬಿಟ್ಟ. ಎದೆಯುಬ್ಬಿಸಿ ಕೂಗಿದ. “ಹಾಲವ್ವ ಬರಾಕತ್ಯಾಳೋ! ಕಂಕುಳಾಗ ಕೂಸು! ಕುಂಬಾರ ಓಣಿ ಗೆಳತಿ ಮನಿಗೆ!”

ಆಚೆ ದಡದ ಕಾವಲುಗಾರ ಕೈಯೆತ್ತಿ ಆಗಲಿ ಎಂದ. ಅಷ್ಟರಲ್ಲಿ ದೋಣಿಯ ಹಿಂದೆ, ಬಿಟ್ಟುಬಂದ ದಡದ ಬಳಿ, ನೀರು ಧಡಮ್ಮೆಂದಿತು. ಕೂಗು ಕೇಳಿ ಅವಳ ಗಂಡ ಹೊಳೆಗೆ ಹಾರಿದ್ದ!

ಇದು ತನ್ನ ಬಾಯಿಂದಲೇ ಆದದ್ದು ಎಂದು ಅಂಬಿಗನಿಗೆ ಗೊತ್ತಾಯಿತು. ಮೈಯ ಬಲವನ್ನೆಲ್ಲ ಹಾಕಿ ಹುಟ್ಟು ಹಾಕಿದ. ಗಂಡ ಈಜಿ ಬಂದು ದೋಣಿಯ ಅಂಚು ಹಿಡಿದ. ಅಂಬಿಗ ಹುಟ್ಟಿನಿಂದ ಆ ಕೈಗೆ ಬಾರಿಸಿದ. ಕೈ ಜಾರಿತು, ದೋಣಿ ಮುಂದಾಯಿತು, ದಡ ಮುಟ್ಟಿತು!

“ಗೆದ್ವಿ ತಂಗೀ, ಓಡು!”

ಹಾಲವ್ವ ಓಡಲಿಲ್ಲ. ಕೂಸನ್ನು ಎದೆಗೊತ್ತಿಕೊಂಡು ನಿಂತಳು.

“ಎಲ್ಲಿಗಂತ ಓಡ್ಲಿ ಅಣ್ಣಾ? ಅದನ್ನೂ ಕೂಗಿಬಿಟ್ಟಿಯಲ್ಲ.”

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕುಳಿತಲ್ಲಿಂದ ಎದ್ದೇಬಿಟ್ಟಿದ್ದ.

“ಹಾಗಾದರೆ ಕೂಗಲೇಬಾರದೆ ಗುರುಗಳೇ? ದರೋಡೆಕೋರ ದಾಟಿಬಿಡುತ್ತಾನಲ್ಲ!”

“ಕೂಗಲಿ, ಆದರೆ ಕೂಗುವ ಮೊದಲು ಒಮ್ಮೆ ಹಿಂತಿರುಗಿ ನೋಡಲಿ, ಹೊಳೆಗೆ ದಡ ಎರಡು.”