ದಂತದ ಗಿಳಿಯ ಕಣ್ಣು

ಬೀಟೆ ಮರದ ಹಳೆಯ ಚಹಾ ಪೆಟ್ಟಿಗೆಯ ಮುಚ್ಚಳದಲ್ಲಿ ಕೊರೆದು ಕೂರಿಸಿದ ದಂತದ ಗಿಳಿಯೊಂದಿತ್ತು. ಪಕ್ಕಕ್ಕೆ ಮುಖ ತಿರುಗಿಸಿದ ಅದರ ಒಂದೇ ಕಣ್ಣು ಮಾತ್ರ ಸಾಸಿವೆಯಷ್ಟು ಮುತ್ತಿನ ಚಿಪ್ಪಿನ ಚೂರು. ಮನೆಗೆ ಬಂದವರೆಲ್ಲ, “ಕಣ್ಣು ನೋಡ್ರೀ, ಹೇಗೆ ಮಿನುಗುತ್ತೆ,” ಎನ್ನುತ್ತಿದ್ದರು. ಗಿಳಿಗೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

“ಇಷ್ಟಗಲ ದಂತ ನಾನಿದ್ದೇನೆ, ನನ್ನನ್ನು ಕೇಳುವವರಿಲ್ಲ,” ಎಂದಿತು ಗಿಳಿ.

“ನಿನ್ನ ಮುಖದಲ್ಲಿದ್ದೇ ಹೊಳೆಯುತ್ತೇನಲ್ಲ ಅಕ್ಕಾ, ಹೊಗಳಿಕೆ ನಿನಗೂ ಸೇರಿತು,” ಎಂದಿತು ಚಿಪ್ಪು.

“ನನ್ನ ಮನೆಯಲ್ಲೇ ಇದ್ದುಕೊಂಡು ನನಗೇ ಪಾಲು ಕೊಡಲು ಬಂದೆಯಾ?”

ದಸರಾ ಗೊಂಬೆ ಕೂರಿಸುವ ಮುನ್ನ ಮನೆಯೊಡತಿ ಪದ್ಮಾವತಮ್ಮ ಪೆಟ್ಟಿಗೆಯನ್ನು ಒಣಬಟ್ಟೆಯಲ್ಲಿ ಒರೆಸುವುದು ವಾಡಿಕೆ. ಆ ವರ್ಷ ಅವಸರದಲ್ಲಿ ಒದ್ದೆ ಬಟ್ಟೆ ಹಿಡಿದರು. ಚಿಪ್ಪು ಹಿಡಿದಿದ್ದ ಅಂಟು ನೆನೆಯಿತು.

“ಅಕ್ಕಾ, ಬಿಗಿಯಾಗಿ ಹಿಡಿದುಕೋ,” ಎಂದಿತು ಚಿಪ್ಪು.

ಗಿಳಿ ಬೇಕೆಂದೇ ಹಿಡಿತ ಬಿಟ್ಟಿತು. ಚಿಪ್ಪು ಕೆಳಗುರುಳಿತು, ಗಿಳಿಗೆ ಲೋಕವೇ ಕತ್ತಲಾಯಿತು.

ಕನ್ನಡಕ ಹಾಕದ ಪದ್ಮಾವತಮ್ಮನಿಗೆ ಚಿಪ್ಪು ಎಲ್ಲಿಂದ ಬಿತ್ತೆಂದು ತಿಳಿಯಲಿಲ್ಲ. ಎತ್ತಿ ಪಟ್ಟದ ಗೊಂಬೆಯ ಮೂಗಿಗೆ ಅಂಟಿಸಿದರು.

ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರು ಗಿಳಿಯ ಪಕ್ಕದಲ್ಲೇ ನಿಂತು, “ಗೊಂಬೆಯ ಮೂಗುಬೊಟ್ಟು ನೋಡ್ರೀ, ಹೇಗೆ ಮಿನುಗುತ್ತೆ,” ಎಂದರು.

ಎಷ್ಟು ಮಿನುಗುತ್ತದೆಂದು ನೋಡಿ ಹೊಟ್ಟೆ ಉರಿದುಕೊಳ್ಳೋಣವೆಂದರೆ ಗಿಳಿಗೆ ಕಣ್ಣಿರಲಿಲ್ಲ.